ಕೊಂಬು ಬಿಟ್ಟು ಕಿವಿ ನೋಡಿದ್ದು

ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ, ಭಾನುವಾರ ಬಂತೆಂದರೆ ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಮೆರಿಕದ ಐಸೆಲಿನ್ ಎಂಬ ಊರಿನ ಒಂದು ಖಾಲಿ ಮೈದಾನದ ತುದಿಯಲ್ಲಿ ನಿಲ್ಲುತ್ತಿದ್ದೆ. ಕೈಯಲ್ಲಿ ಒಂದು ಕೋಲು, ಕೋಲಿನ ತುದಿಗೆ ಪ್ಲೈವುಡ್ಡಿನಲ್ಲಿ ಕೊರೆದ ಚಿಗರಿ ತಲೆ, ಜಿಂಕೆಯ ಜಾತಿಯದು. ಆಚೆ ತುದಿಯಲ್ಲಿ ನಮ್ಮ ಮನೆ ಮಾಲೀಕ ಮಡಚುವ ಕುರ್ಚಿ ಹಾಕಿಕೊಂಡು ದುರ್ಬೀನಿನಲ್ಲಿ ನೋಡುತ್ತಿದ್ದ. ನನ್ನನ್ನಲ್ಲ, ಆ ತಲೆಯ ಕೊಂಬನ್ನು. ಕೊಂಬು ಎಷ್ಟು ಇಂಚು ಇದೆ ಎಂದು ಆತ ಅಲ್ಲಿಂದಲೇ ಕೂಗಬೇಕು. ನಾನು ಹಲಗೆ ತಿರುಗಿಸಿ, ಹಿಂದೆ ಬರೆದ ಅಂಕಿ ನೋಡಿ, ಹೌದು ಅಲ್ಲ ಅನ್ನಬೇಕು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಅಂಕಿ ಓದಲು ಅಷ್ಟು ಸಾಕು.

ಈಗ ನಮ್ಮವರ ಅಂಗಡಿಗಳೇ ತುಂಬಿರುವ ಓಕ್ ಟ್ರೀ ರಸ್ತೆಯಲ್ಲಿ ಆಗ ಒಂದೂ ಸೀರೆ ಅಂಗಡಿ ಇರಲಿಲ್ಲ. ಸೀರೆ ಉಟ್ಟು ಬೀದಿಗಿಳಿದರೇ ಜನ ತಿರುಗಿ ನೋಡುತ್ತಿದ್ದರು, ಇನ್ನು ಸೀರೆಯ ಜೊತೆಗೆ ಕೊಂಬಿನ ತಲೆಯೂ ಇದ್ದರೆ ಕೇಳಬೇಕೆ. ಈ ಗತಿ ಯಾಕೆ ಬಂತೆಂದು ಮೊದಲು ಹೇಳುತ್ತೇನೆ.

ಆ ವರ್ಷ ಮೇ ತಿಂಗಳಲ್ಲಿ ಒಂದು ಸಂಜೆ ಊಟಕ್ಕೆ ಕುಳಿತಿದ್ದಾಗ ನಮ್ಮ ಯಜಮಾನರಿಗೆ ಫಿಟ್ಸ್ ಬಂತು. ಕುರ್ಚಿಯಿಂದ ಬಿದ್ದರು, ಕೈಕಾಲು ಸೆಟೆದುಕೊಂಡವು. ಎಂಟು ವರ್ಷದ ಮಗಳು ಗೋಡೆಗೆ ಒರಗಿ ನಿಂತುಬಿಟ್ಟಳು. ಡಾಕ್ಟರು ಗುಳಿಗೆ ಕೊಟ್ಟರು, ತಲೆಯ ಫೋಟೋ ತೆಗೆದರು, ಜೀವಕ್ಕೆ ಭಯವಿಲ್ಲ ಎಂದರು. ಆದರೆ ಒಂದು ವರ್ಷ ಸ್ಟೀರಿಂಗ್ ಮುಟ್ಟಬಾರದು ಎಂದರು, ಸರ್ಕಾರದವರು ಲೈಸೆನ್ಸ್ ತೆಗೆದುಕೊಂಡರು. ಜೀವದ ಭಯ ಹೋಯಿತು, ಹೊಟ್ಟೆಯ ಭಯ ಬಂತು. ಅವರ ಕೆಲಸ ಇದ್ದದ್ದು ಪಾರ್ಸಿಪನಿ ಎಂಬ ದೂರದ ಊರಿನ ಆಚೆ, ಒಂದು ಔಷಧಿ ಕಂಪನಿಯ ಲ್ಯಾಬಿನಲ್ಲಿ. ಅಲ್ಲಿಗೆ ರೈಲಿಲ್ಲ, ಬಸ್ಸಿಲ್ಲ. ಕಾರು ಇದ್ದರೆ ಮನುಷ್ಯ, ಇಲ್ಲದಿದ್ದರೆ ಇಲ್ಲ.

ಅವರ ಲ್ಯಾಬಿನಲ್ಲೇ ಇದ್ದ ಮೈಸೂರಿನ ಹುಡುಗನೊಬ್ಬ ದಿನಾ ಬಂದು ಕರೆದುಕೊಂಡು ಹೋಗತೊಡಗಿದ. ಒಳ್ಳೆಯವನು. ಆದರೆ ಮೊದಲ ವಾರವೇ ಬಾಗಿಲಲ್ಲಿ ನಿಂತು ಹೇಳಿಬಿಟ್ಟ:

“ನೋಡಿ, ಕ್ರಿಸ್‌ಮಸ್‌ವರೆಗೂ ನನಗೇನೂ ತೊಂದ್ರೆ ಇಲ್ಲ, ಕರ್ಕೊಂಡು ಹೋಗ್ತೀನಿ. ಅದಾದ್ಮೇಲೆ ನಾನೇ ಇಲ್ಲಿರಲ್ಲ, ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಸಿಕ್ಕಿದೆ.”

ಆ ರಾತ್ರಿ ಯಜಮಾನರು ನನ್ನ ಮುಖ ನೋಡದೆ ಹೇಳಿದರು.

“ನೀನ ಕಲಿಬೇಕು ಈಗ.”

“ಏನು?”

“ಡ್ರೈವಿಂಗು.”

“ಹುಚ್ಚು ಹಿಡದದ ಏನ್ರಿ ನಿಮಗ? ನಾ ಸೈಕಲ್ ಸೈತ ಹೊಡದಾಕಿ ಅಲ್ಲ.”

“ಸೈಕಲ್ಲಿಗೆ ಎರಡ ಗಾಲಿ, ಬೀಳತೀ. ಇದಕ್ಕ ನಾಕು. ಬೀಳಂಗಿಲ್ಲ.”

ಅವರು ಹಾಸ್ಯ ಮಾಡಿದಾಗಲೆಲ್ಲ ಒಳಗೆ ಹೆದರಿರುತ್ತಾರೆ ಎಂದು ನನಗೆ ಗೊತ್ತು. ಒಪ್ಪಿಕೊಂಡೆ. ಕಲಿಸುವವರು ಯಾರು ಎಂಬುದೇ ಉಳಿದ ಪ್ರಶ್ನೆ. ಡ್ರೈವಿಂಗ್ ಶಾಲೆಯ ಮನುಷ್ಯ ನನ್ನ ಇಂಗ್ಲಿಷು ಕೇಳಿ, ಗಂಡನ ಹತ್ತಿರವೇ ಕಲಿಯಿರಿ ಎಂದು ಕೈ ತೊಳೆದುಕೊಂಡ. ಗಂಡ ಸ್ಟೀರಿಂಗ್ ಮುಟ್ಟುವ ಹಾಗಿಲ್ಲ.

ನಾವಿದ್ದದ್ದು ಮೇಲಿನ ಮನೆ. ಕೆಳಗೆ ಮಾಲೀಕ ಒಬ್ಬನೇ. ರೈಲ್ವೆಯಲ್ಲಿ ದುಡಿದು ನಿವೃತ್ತನಾದ ಮುದುಕ, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಬೇಟೆಯ ಹುಚ್ಚು. ವಾಷಿಂಗ್ ಮಷಿನ್ ಇದ್ದ ಬೇಸ್‌ಮೆಂಟಿನ ಗೋಡೆಯ ತುಂಬ ಜಿಂಕೆ ತಲೆಗಳು. ಬಟ್ಟೆ ಒಗೆಯಲು ಇಳಿದಾಗಲೆಲ್ಲ ಅವು ನನ್ನನ್ನೇ ನೋಡುತ್ತಿದ್ದವು. ಲಿಂಗಾಯತರ ಮನೆಯ ಹೆಣ್ಣುಮಗಳು ನಾನು, ಮೊದಲಿಗೆ ಹೇಸಿಗೆಯಾಗುತ್ತಿತ್ತು. ಆಮೇಲೆ ರೂಢಿಯಾಯಿತು. ಬಟ್ಟೆ ಒಗೆಯಲೇಬೇಕಲ್ಲ.

ಜೂನ್ ತಿಂಗಳಲ್ಲಿ ಒಂದು ದಿನ ಇಳಿದಾಗ ಮುದುಕ ಪ್ಲೈವುಡ್ಡು ಕೊರೆಯುತ್ತ ಕುಳಿತಿದ್ದ. ಆತ ಇಂಗ್ಲಿಷಿನಲ್ಲಿ ಆಡಿದ್ದನ್ನು ನಾನು ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ, ನನ್ನ ತಲೆಯೊಳಗೆ ಅದು ಹಾಗೆಯೇ ಉಳಿದಿದೆ.

“ಇದೇನ್ರಿ, ಚಿಗರಿ ಇದ್ದಂಗ ಅದಲ್ಲ?” ಎಂದು ನಾನು ಕೇಳಿದೆ.

ಆತ ವಿವರಿಸಿದ. ದೂರದ ವಯೋಮಿಂಗ್ ರಾಜ್ಯದ ಬಯಲಲ್ಲಿ ಇಂಥ ಪ್ರಾಣಿಗಳಿವೆ, ಆಂಟಿಲೋಪ್ ಅನ್ನುತ್ತಾರೆ. ಚೀಟಿ ಎತ್ತಿ ಪರ್ಮಿಟ್ ಕೊಡುತ್ತಾರೆ, ಬಹಳ ವರ್ಷ ಕಾದ ಮೇಲೆ ಈ ಸಲ ಆತನ ಹೆಸರು ಬಂದಿದೆ. ಒಂದು ಪರ್ಮಿಟ್ಟಿಗೆ ಒಂದೇ ಪ್ರಾಣಿ. ಹಿಂದೆ ಒಮ್ಮೆ ಹೋಗಿದ್ದಾಗ ದೂರದಿಂದ ಭಾರೀ ಕೊಂಬು ಎಂದುಕೊಂಡು ಹೊಡೆದನಂತೆ. ಹತ್ತಿರ ಹೋಗಿ ನೋಡಿದರೆ ಎಳೆಯ ಪ್ರಾಣಿ, ಗೇಣುದ್ದದ ಕೊಂಬು. ಗೆಳೆಯರು ಇವತ್ತಿಗೂ ಆಡಿಕೊಳ್ಳುತ್ತಾರಂತೆ. ಅದಕ್ಕೇ ಈ ಬಾರಿ ಹೋಗುವ ಮೊದಲು ಕಣ್ಣು ಪಳಗಿಸಬೇಕು. ಮೊದಲೆಲ್ಲ ಹಲಗೆ ಹಿಡಿಯುತ್ತಿದ್ದ ಗೆಳೆಯ ಫ್ಲೋರಿಡಾಕ್ಕೆ ಹೋಗಿಬಿಟ್ಟಿದ್ದಾನೆ. ನಿನ್ನ ಗಂಡ ಬಿಡುವಾಗಿದ್ದರೆ ಬರುತ್ತಾನೇನು ಎಂದು ಕೇಳಿದ.

“ಅವರು ಬಿಸಿಲಾಗ ನಿಲ್ಲಬಾರದು. ನಾ ಬರತೀನಿ,” ಅಂದೆ. “ನಾ ಹಲಗಿ ಹಿಡೀತೀನಿ. ನೀವು ನನಗ ಕಾರ್ ಕಲಸ್ರಿ.”

ಮುದುಕ ಗರಗಸ ಕೆಳಗಿಟ್ಟು ನನ್ನ ಕಾಲು ನೋಡಿದ. ಚಪ್ಪಲಿ ಹಾಕಿದ್ದೆ.

“ಬೂಟ್ ಅದಾವೇನು?”

“ಕೊಂಡ್ರಾತು.”

ಮಾತು ಅಷ್ಟಕ್ಕೇ ಮುಗಿಯಿತು. ಮೇಲೆ ಬಂದು ಹೇಳಿದರೆ ಯಜಮಾನರು ನಕ್ಕೇ ನಕ್ಕರು.

“ಲಿಂಗಾ ಕಟ್ಟಿದಾಕಿ ಬ್ಯಾಟಿಗೆ ಹೊಂಟಾಳಪಾ. ಊರಾಗ ನಿಮ್ಮಪ್ಪಗ ತಿಳೀಲಿ.”

“ನಾ ಹಲಗಿ ಹಿಡದ್ರ ಯಾವ ಚಿಗರೀನೂ ಸಾಯಂಗಿಲ್ಲ. ನಿಮ್ಮ ನೌಕರಿ ಹೋದ್ರ ನಾವು ಮೂರೂ ಮಂದಿ ಉಪವಾಸ. ನಗಬ್ಯಾಡ್ರಿ.”

ಚಿಗರಿ ನನಗೆ ಹೊಸದೇನಲ್ಲ. ನಮ್ಮದು ರಾಣೆಬೆನ್ನೂರಿನ ಕಡೆಯ ಎರೆಭೂಮಿ. ಜೋಳ ಎಳೆಯದಿದ್ದಾಗ ಹಿಂಡುಹಿಂಡಾಗಿ ಹೊಲಕ್ಕೆ ನುಗ್ಗುತ್ತಿದ್ದವು, ನಾನೂ ತಮ್ಮಂದಿರೂ ಡಬ್ಬಿ ಬಡಿದು ಓಡಿಸುತ್ತಿದ್ದೆವು. ಗಂಡು ಚಿಗರಿಯ ಕೊಂಬು ತಿರುಪಿನ ಹಾಗೆ ಸುರುಳಿಯಾಗಿರುತ್ತದೆ, ನೋಡಲು ಚಂದ ಎಂದು ಬಂದವರು ಹೇಳುತ್ತಿದ್ದರು. ನಮಗೆ ಕಾಣುತ್ತಿದ್ದದ್ದು ಅದರ ಕೊಂಬಲ್ಲ, ಬಾಯಿ.

ಮುದುಕನ ಪ್ರಾಣಿಯ ಕೊಂಬು ಬೇರೆ ತರಹ. ಕರ್ರಗೆ ನೇರ ಮೇಲೆದ್ದು, ನಡುವೆ ಮುಂದಕ್ಕೆ ಒಂದು ಕವಲು, ತುದಿ ಒಳಕ್ಕೆ ಕೊಕ್ಕೆ. ಅದನ್ನು ಅಳೆಯುವ ಕಣ್ಣಿನ ವಿದ್ಯೆಯನ್ನು ಆತ ಮೊದಲ ಭಾನುವಾರವೇ ನನಗೆ ಹೇಳಿಕೊಟ್ಟ, ಹಲಗೆ ಹಿಡಿಯುವವಳಿಗೂ ತಿಳಿದಿರಬೇಕು ಎಂದು.

“ಎಲ್ಲಾರೂ ಕೊಂಬು ನೋಡತಾರ. ಕೊಂಬು ನೋಡಿದ್ರ ಮೋಸ ಹೋಗತಿ. ಸಣ್ಣ ಮೈ ಇದ್ದದ್ದಕ್ಕ ಸಣ್ಣ ಕೊಂಬ ದೊಡ್ಡದು ಕಾಣತದ, ದೊಡ್ಡ ಮೈ ಇದ್ದದ್ದಕ್ಕ ದೊಡ್ಡ ಕೊಂಬ ಸಣ್ಣದು ಕಾಣತದ. ಆಸೆ ಇದ್ದ ಕಣ್ಣಿಗಂತೂ ಎಲ್ಲಾ ದೊಡ್ಡದ. ಮದಲ ಕಿವಿ ನೋಡು.”

“ಕಿವಿ ಯಾಕ?”

“ಬೆಳದ ಗಂಡಿನ ಕಿವಿ ಎಲ್ಲಾದರದೂ ಒಂದ ಅಳತಿ. ಕೊಂಬು ಎರಡೂವರಿ ಕಿವಿಯಷ್ಟು ಉದ್ದ ಇದ್ರ ಅದು ಕೊಂಬು. ಕವಲು ಕಿವಿ ತುದಿಗಿಂತ ಮ್ಯಾಲೆ ಒಡದಿರಬೇಕು. ಬುಡ ಕಣ್ಣಿನ ಎರಡರಷ್ಟು ದಪ್ಪ ಇರಬೇಕು. ಇಲ್ಲಂದ್ರ ಬಂದೂಕ ಕೆಳಗ ಇಡಬೇಕು.”

ಬೇರೆ ಬೇರೆ ಕೊಂಬಿನ ಹಲಗೆಗಳನ್ನು ನಾನು ಒಂದರ ಮೇಲೊಂದು ಎತ್ತಿ ತೋರಿಸುತ್ತಿದ್ದೆ. ಒಮ್ಮೆ ಎದುರಾಗಿ, ಒಮ್ಮೆ ಪಕ್ಕಕ್ಕೆ ತಿರುಗಿಸಿ. ಆಮೇಲೆ ಆತ ಕುರ್ಚಿ ಮಡಚಿಟ್ಟು ನಮ್ಮ ಕಾರಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ. ಹಸಿರು ಬಣ್ಣದ ದೊಡ್ಡ ಸ್ಟೇಷನ್ ವ್ಯಾಗನ್ ಅದು, ಎಮ್ಮೆಯ ಹಾಗೆ ತಿರುಗುತ್ತಿತ್ತು. ಮಗಳು ಹಿಂದಿನ ಸೀಟಿನಲ್ಲಿ ತಲೆ ಬಗ್ಗಿಸಿ ಅಡಗಿರುತ್ತಿದ್ದಳು.

“ಅವ್ವಾ, ಪ್ಲೀಸ್. ಎವ್ರಿಬಡಿ ಈಸ್ ಲುಕಿಂಗ್.”

“ನೋಡಲಿ. ಕಣ್ಣ ಅದಾವ, ನೋಡತಾರ.”

ಒಂದು ಭಾನುವಾರ ಪೊಲೀಸನೇ ಬಂದ. ಯಾರೋ ಫೋನ್ ಮಾಡಿದ್ದರಂತೆ, ಪರದೇಶದ ಹೆಂಗಸು ಕೊಂಬಿನ ತಲೆ ಎತ್ತಿಕೊಂಡು ಏನೋ ಪೂಜೆ ಮಾಡುತ್ತಿದ್ದಾಳೆ ಎಂದು. ಮುದುಕ ಎದ್ದು ಬಂದು ವಿಷಯ ಹೇಳಿದ. ಪೊಲೀಸನಿಗೂ ಬೇಟೆಯ ಹುಚ್ಚಿತ್ತೋ ಏನೋ, ಟೋಪಿ ತೆಗೆದು ತಾನೂ ದುರ್ಬೀನು ಹಿಡಿದ. ನಾನು ಇದ್ದದ್ದರಲ್ಲಿ ಚಿಕ್ಕ ಕೊಂಬಿನ ಹಲಗೆ ಎತ್ತಿದೆ. ಆತ ಹದಿನಾರು ಇಂಚು ಎಂದು ಕೂಗಿದ. ನಾನು ತಿರುಗಿಸಿ ನೋಡಿದೆ.

“ಹತ್ತು,” ಅಂದೆ.

“ಮುಗೀತು, ನಿನಗ ಜೀವನಪೂರ್ತಿ ನಗತಿದ್ರು,” ಎಂದು ಮುದುಕ ಆತನ ಬೆನ್ನು ತಟ್ಟಿದ. ಪೊಲೀಸ ಹೋಗುವಾಗ ನನಗೆ ಕೈ ಬೀಸಿ ಹೋದ. ಮಗಳು ಆವತ್ತು ಸೀಟಿನಿಂದ ಮೇಲೆದ್ದು ಕೂತಳು.

ಆಗಸ್ಟಿನ ಹೊತ್ತಿಗೆ ನಾನು ನೇರ ಓಡಿಸುತ್ತಿದ್ದೆ, ತಿರುವುತ್ತಿದ್ದೆ, ಸಿಗ್ನಲ್ ಹಾಕುತ್ತಿದ್ದೆ. ಬರೆಯುವ ಪರೀಕ್ಷೆಗೆ ಮಗಳು ಪುಸ್ತಕ ಓದಿ ಓದಿ ಹೇಳಿದ್ದನ್ನು ಬಾಯಿಪಾಠ ಮಾಡಿ ಪಾಸಾದೆ. ಒಂದೇ ಒಂದು ಆಗುತ್ತಿರಲಿಲ್ಲ. ಎರಡು ಕಾರುಗಳ ನಡುವಿನ ಜಾಗಕ್ಕೆ ಹಿಮ್ಮುಖವಾಗಿ ನುಗ್ಗಿಸಿ ನಿಲ್ಲಿಸುವುದು. ಈ ದೇಶದಲ್ಲಿ ಅದು ಬಾರದಿದ್ದರೆ ಲೈಸೆನ್ಸ್ ಕೊಡುವುದಿಲ್ಲ. ಜಾಗ ಕಂಡ ಕೂಡಲೇ ನನಗೆ ಎದೆ ಹಾರುತ್ತಿತ್ತು. ಹಿಡಿಸುತ್ತದೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ.

ಅದಕ್ಕೆ ನಾನೇ ಒಂದು ಉಪಾಯ ಮಾಡಿದೆ. ನಮ್ಮ ಕಡೆ ಹಗ್ಗ, ಹೂವು, ಬಾವಿಯ ಆಳ ಎಲ್ಲವನ್ನೂ ಅಳೆಯುವುದು ಮೈಯಿಂದಲೇ. ಎರಡೂ ಕೈ ಅಗಲಕ್ಕೆ ಚಾಚಿದರೆ ಒಂದು ಮಾರು. ಕಾರಿನ ಪಕ್ಕ ನಿಂತು ಕೈ ಚಾಚಿ ಅಳೆದೆ, ಮೂರೂವರೆ ಮಾರು. ಐದು ಮಾರು ಜಾಗವಿದ್ದರೆ ಧಾರಾಳ. ಮುಂದೆ ಎಲ್ಲಿ ನಿಲ್ಲಿಸಬೇಕಾದರೂ ಇಳಿದು, ಕೈ ಚಾಚಿ ಅಳೆದು, ಮತ್ತೆ ಹತ್ತಿ ನಿಲ್ಲಿಸತೊಡಗಿದೆ. ಒಂದೂ ತಪ್ಪುತ್ತಿರಲಿಲ್ಲ. ಮುದುಕ ಆ ವಾರಗಳಲ್ಲಿ ಮೊಣಕಾಲು ನೋವೆಂದು ಮಲಗಿದ್ದ, ನಾನು ಮನೆಯ ಮುಂದಿನ ಬೀದಿಯಲ್ಲಷ್ಟೇ ತಿರುಗಿಸುತ್ತಿದ್ದೆ, ಆತ ಇದನ್ನು ನೋಡಿರಲಿಲ್ಲ.

ಪರೀಕ್ಷೆಯ ದಿನವೂ ಹಾಗೆಯೇ ಮಾಡಿದೆ. ಎಲ್ಲ ಸರಿಯಾಗಿ ಓಡಿಸಿ, ಅಧಿಕಾರಿ ಕಂಬಗಳ ನಡುವಿನ ಜಾಗ ತೋರಿಸಿ ನಿಲ್ಲಿಸು ಎಂದಾಗ, ಇಂಜಿನ್ ಆರಿಸಿ ಇಳಿದೆ. ಈ ಕಂಬದಿಂದ ಆ ಕಂಬದವರೆಗೆ ಕೈ ಚಾಚುತ್ತ ಅಳೆದೆ. ಐದು ಮಾರಿಗೆ ಒಂದು ಗೇಣು ಹೆಚ್ಚೇ ಇತ್ತು. ಸಂತೋಷದಿಂದ ತಿರುಗಿದರೆ ಅಧಿಕಾರಿ ಕಾರಿನೊಳಗೆ ಕಾಗದದ ಮೇಲೆ ಅಡ್ಡಗೆರೆ ಎಳೆಯುತ್ತಿದ್ದ. ಪರೀಕ್ಷೆಯ ನಡುವೆ ಕಾರು ಬಿಟ್ಟು ಇಳಿಯುವ ಹಾಗಿಲ್ಲವಂತೆ.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಮುದುಕನಿಗೆ ಹೇಳಿದೆ. ಆತ ನಕ್ಕು ನಕ್ಕು ಕೆಮ್ಮಿದ. ನನಗೆ ಸಿಟ್ಟು ಬಂತು.

“ನಗಬ್ಯಾಡ್ರಿ. ನನ್ನ ಅಳತಿ ತಪ್ಪಿರಲಿಲ್ಲ.”

“ತಪ್ಪಿರಲಿಕ್ಕಿಲ್ಲ. ನಾ ವಯೋಮಿಂಗಿನ್ಯಾಗ ಟೇಪು ಹಿಡಕೊಂಡು ಆ ಪ್ರಾಣಿ ಹತ್ರ ಹೋಗಿ, ಸ್ವಲ್ಪ ನಿಂದ್ರಪಾ, ನಿನ್ನ ಕೊಂಬು ಅಳೀತೀನಿ ಅಂದ್ರ ಅದು ನಿಂದ್ರತದೇನು?”

ನಾನು ಬೆಂಚಿನ ತುದಿಗೆ ಕೂತೆ, ಆತ ಮುಂದುವರಿಸಿದ.

“ಮುಟ್ಟಲಿಕ್ಕೆ ಆಗೋದನ್ನ ಅಳೀಬೇಕು. ಮುಟ್ಟಲಿಕ್ಕೆ ಆಗದ್ದನ್ನ ಅಂದಾಜು ಮಾಡಬೇಕು. ಇಷ್ಟು ದಿನಾ ಹಲಗಿ ಹಿಡದಿ, ಏನ ನೋಡಿದಿ ನೀ?”

“ಇಲ್ಲೆ ಕಿವಿ ಎಲ್ಲಿ ಅದ ರೀ?”

“ನಿನ್ನ ಕಾರು, ನಿನ್ನ ಕಣ್ಣು. ಹುಡುಕು.”

ಆವತ್ತಿನಿಂದ ಹುಡುಕಿದೆ. ಎಲ್ಲ ಕಡೆಯೂ ಒಂದೇ ಅಳತೆಯಲ್ಲಿ ಇರುವಂಥದ್ದು, ಕಾರಿನೊಳಗಿಂದ ಕಾಣುವಂಥದ್ದು ಏನಿದೆ? ಕಂಬಗಳ ಎತ್ತರ ಬೇರೆ ಬೇರೆ, ಮರಗಳು ಬೇರೆ ಬೇರೆ, ನಿಂತ ಕಾರುಗಳೂ ಹೆಚ್ಚು ಕಡಿಮೆ. ಒಂದು ದಿನ ಮಗಳನ್ನು ಶಾಲೆಯಿಂದ ಕರೆತರುತ್ತಿದ್ದೆ. ಅವಳು ಫುಟ್‌ಪಾತಿನ ಸಿಮೆಂಟ್ ಚೌಕಗಳ ಮೇಲೆ, ಗೆರೆ ತುಳಿಯದೆ, ಒಂದರಿಂದೊಂದಕ್ಕೆ ಹಾರುತ್ತ ಬರುತ್ತಿದ್ದಳು. ಪ್ರತಿ ಸಲ ಅಷ್ಟೇ ಹಾರಿಕೆ. ನಿಂತು ಕೈ ಚಾಚಿ ನೋಡಿದೆ. ಎಲ್ಲ ಚೌಕವೂ ಒಂದೇ. ನಮ್ಮ ಕಾರು ನಾಲ್ಕೂವರೆ ಚೌಕ. ಆರು ಚೌಕ ಕಂಡರೆ ನುಗ್ಗಿಸಬಹುದು, ಐದಾದರೆ ಮುಂದೆ ಹೋಗಬೇಕು. ಜಾಗ ನೋಡುವುದನ್ನು ಬಿಟ್ಟು ಚೌಕ ನೋಡತೊಡಗಿದ ಮೇಲೆ ಎದೆ ಹಾರುವುದು ನಿಂತಿತು. ಪರೀಕ್ಷೆ ನಡೆಸುವ ಕಚೇರಿಯ ಹಿಂದೆಯೂ ಅಂಚಿಗೆ ಅದೇ ಚೌಕಗಳಿದ್ದವು. ಯಜಮಾನರೂ ನಾನೂ ಒಂದು ಸಂಜೆ ನಡೆದುಕೊಂಡು ಹೋಗಿ ನೋಡಿ ಬಂದೆವು.

ಎರಡನೇ ಪರೀಕ್ಷೆಯ ತಾರೀಖು ಬಂತು. ನೋಡಿದರೆ ಅಕ್ಟೋಬರಿನಲ್ಲಿ, ಮುದುಕ ತನ್ನ ಗೆಳೆಯರೊಂದಿಗೆ ವಯೋಮಿಂಗಿಗೆ ಹೊರಡುವ ದಿನವೇ. ಪರೀಕ್ಷೆಗೆ ಲೈಸೆನ್ಸ್ ಇದ್ದವರು ಜೊತೆಗೆ ಬರಬೇಕು. ಮೈಸೂರಿನ ಹುಡುಗನಿಗೆ ರಜೆ ಇಲ್ಲ. ತಾರೀಖು ಮುಂದೆ ಹಾಕಿ ಎಂದರೆ ಹಿಮ ಬೀಳುವ ಕಾಲಕ್ಕೆ ಹೋಗುತ್ತದೆ, ಆಗ ಮತ್ತೆ ತಪ್ಪಿದರೆ ಕ್ರಿಸ್‌ಮಸ್ ಬಂದೇ ಬಿಡುತ್ತದೆ. ನಾನು ಕೆಳಗೆ ಹೋಗಿ ವಿಷಯ ಹೇಳಿದೆ. ಕೇಳಿಕೊಳ್ಳಲು ಹೋಗಿರಲಿಲ್ಲ, ಬೇರೆ ಯಾರಾದರೂ ಗೊತ್ತಿದ್ದಾರೆಯೇ ಎಂದು ಕೇಳಲು ಹೋಗಿದ್ದೆ.

ಮುದುಕ ಬಂದೂಕಿಗೆ ಎಣ್ಣೆ ಹಚ್ಚುತ್ತಿದ್ದ. ಬಹಳ ಹೊತ್ತು ಹಚ್ಚಿದ.

“ಅವರು ಮುಂದ ಹೋಗ್ಲಿ. ನಾ ಹಿಂದಿಂದ ನನ್ನ ಟ್ರಕ್ಕಿನ್ಯಾಗ ಹೋಗತೀನಿ.”

“ಮೊದಲನೇ ದಿನಾನ ಒಳ್ಳೆ ಪ್ರಾಣಿ ಸಿಗತಾವ ಅಂತಿದ್ರಲ್ಲ?”

“ಅಂತಿದ್ದೆ.”

ನಾನೂ ಬೇಡ ಎನ್ನಲಿಲ್ಲ. ಬೇಡ ಎನ್ನುವ ಸ್ಥಿತಿಯಲ್ಲಿ ಇರಲಿಲ್ಲ.

ಆ ದಿನ ಮುದುಕ ಬೆಂಚಿನ ಮೇಲೆ ಕೂತ, ನಾನು ಅಧಿಕಾರಿಯನ್ನು ಪಕ್ಕ ಕೂರಿಸಿಕೊಂಡು ಹೊರಟೆ. ಹಿಂದಿನ ಸಲದವನೇ ಆತ. ಕಂಬಗಳ ಹತ್ತಿರ ಬಂದಾಗ ನನ್ನ ಕೈ ಬಾಗಿಲ ಹಿಡಿಕೆಯ ಕಡೆ ಹೋಗುತ್ತದೆಯೋ ಎಂದು ನೋಡುತ್ತಿದ್ದ. ನಾನು ಅಂಚಿನ ಚೌಕ ಎಣಿಸಿದೆ. ಆರು. ಕುತ್ತಿಗೆ ತಿರುಗಿಸಿ, ಹಿಂದಕ್ಕೆ ಬಿಟ್ಟು, ಸ್ಟೀರಿಂಗ್ ಒಂದು ಕಡೆ ಪೂರ್ತಿ, ಆಮೇಲೆ ಇನ್ನೊಂದು ಕಡೆ ಪೂರ್ತಿ. ಕಾರು ಒಳಗೆ ಹೋಗಿ ನಿಂತಿತು. ಅಧಿಕಾರಿ ಕಿಟಕಿಯಿಂದ ಕೆಳಗೆ ನೋಡಿದ, ಬರೆದುಕೊಂಡ. ಪಾಸಾದೆ.

ಮುದುಕ ಆ ಮಧ್ಯಾಹ್ನವೇ ಟ್ರಕ್ಕು ಹತ್ತಿದ. ದಾರಿಗೆಂದು ಚಪಾತಿ, ಶೇಂಗಾ ಹಿಂಡಿಯ ಚಟ್ನಿಪುಡಿ ಕಟ್ಟಿಕೊಟ್ಟೆ. ಖಾರ ಕಡಿಮೆ ಹಾಕಿದ್ದೆ. ಆದರೂ ದಾರಿಯ ಓಹಿಯೋ ರಾಜ್ಯ ದಾಟುವವರೆಗೆ ನೀರು ಕುಡಿದೆನೆಂದು ಆಮೇಲೆ ಬೈದ.

ಬರುವಾಗ ಬರಿಗೈಯಲ್ಲಿ ಬಂದ. ಸರದಿಗೆ ಯಾರೂ ಇಲ್ಲದೆ ಒಬ್ಬನೇ ಓಡಿಸಿಕೊಂಡು ಆತ ಮುಟ್ಟುವ ಹೊತ್ತಿಗೆ ಮೊದಲ ದಿನ ಕಳೆದು, ದೊಡ್ಡ ಪ್ರಾಣಿಗಳು ಬಂದೂಕಿನ ಸದ್ದಿಗೆ ಚದುರಿ ಹೋಗಿದ್ದವಂತೆ. ಕೊನೆಯ ದಿನ ಒಂದು ಗಂಡು ಚೆನ್ನಾಗಿ ಎದುರು ನಿಂತಿತ್ತು, ಕಿವಿಗೆ ಹೋಲಿಸಿ ನೋಡಿದೆ, ಎರಡು ಕಿವಿಗೂ ಸ್ವಲ್ಪ ಕಡಿಮೆ, ಬಿಟ್ಟುಬಿಟ್ಟೆ ಎಂದ. ಆತನ ಗೆಳೆಯರಲ್ಲೊಬ್ಬನಿಗೆ ಮೊದಲ ದಿನವೇ ಭಾರೀ ಕೊಂಬು ಸಿಕ್ಕಿತ್ತು. ಅವನ ಫೋಟೋ ನೋಡಿ ಮುದುಕ ಒಂದು ವಾರ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಅದು ಸಹಜ. ನಾನಾದರೂ ಹಾಗೇ ಮಾಡುತ್ತಿದ್ದೆ. ಆದರೆ ನಿನ್ನಿಂದ ತಡವಾಯಿತು ಎಂಬ ಮಾತನ್ನು ಆತ ಆಗಲೂ ಆಡಲಿಲ್ಲ, ಆಮೇಲೂ ಆಡಲಿಲ್ಲ. ಆಡಬಹುದಿತ್ತು. ಅದಾದ ಮೇಲೆ ಆತನ ಮೊಣಕಾಲು ಮತ್ತೆ ಆ ಬಯಲು ತುಳಿಯುವಂತಾಗಲೇ ಇಲ್ಲ.

ನಮ್ಮ ಮನೆಯಲ್ಲಿ ಒಬ್ಬರಿಗೊಬ್ಬರು ಥ್ಯಾಂಕ್ಸ್ ಹೇಳುವ ಪದ್ಧತಿ ಇಲ್ಲ. ಈ ದೇಶದವರು ನೀರು ಕೊಟ್ಟರೂ ಹೇಳುತ್ತಾರೆ, ನನಗೆ ಅದು ನಾಲಗೆಗೆ ಬರುವುದಿಲ್ಲ. ಆದರೆ ಉಪಕಾರ ಯಾವುದು ಎಂದು ತಿಳಿಯುತ್ತದೆ. ತನಗೆ ಬೇಕಾದದ್ದು ಏನೆಂದು ಚೆನ್ನಾಗಿ ಗೊತ್ತಿದ್ದು, ಅದು ಮತ್ತೆ ಸಿಗಲಿಕ್ಕಿಲ್ಲ ಎಂದೂ ಗೊತ್ತಿದ್ದು, ಆ ಮನುಷ್ಯ ಒಂದು ದಿನ ಬೆಂಚಿನ ಮೇಲೆ ಕೂತ. ಅಪ್ಪನಲ್ಲ, ಅಣ್ಣನಲ್ಲ, ನಮ್ಮ ಜಾತಿಯವನಲ್ಲ, ನಮ್ಮ ದೇಶದವನೂ ಅಲ್ಲ.

ಕ್ರಿಸ್‌ಮಸ್‌ಗೆ ಮೈಸೂರಿನ ಹುಡುಗ ಹೊರಟುಹೋದ. ಜನವರಿಯ ಮೊದಲ ಸೋಮವಾರ ಬೆಳಗ್ಗೆ ಕಾರಿನ ಮೇಲಿನ ಹಿಮ ಕೆರೆದು, ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆದ್ದಾರಿ ಹತ್ತಿದೆ. ಲಾರಿಗಳು ಕೆಸರು ಎರಚುತ್ತ ಹೋದವು. ಅವರು ಡ್ಯಾಶ್‌ಬೋರ್ಡ್ ಹಿಡಿದವರು ಕೈ ಬಿಡಲಿಲ್ಲ.

“ಸಾವಕಾಶ.”

“ಸಾವಕಾಶನ ಅದೀನಿ. ನೀವು ಸುಮ್ಮನ ಕೂಡ್ರಿ.”

ಕಂಪನಿಯ ಗೇಟಿಗೆ ಮುಟ್ಟಿದಾಗ ಅವರ ಕೆಲಸದ ಹೊತ್ತಿಗೆ ಇನ್ನೂ ಸಮಯವಿತ್ತು. ಊಟದ ಡಬ್ಬಿ ತೆಗೆದುಕೊಂಡು ಇಳಿದರು. ನೀ ಮನೆ ಮುಟ್ಟಿದ ಮೇಲೆ ಫೋನ್ ಮಾಡು ಎಂದರು. ನಾನು ಹೂಂ ಎಂದೆ.

ಹೋಗಲಿಲ್ಲ. ಒಬ್ಬಳೇ ಆ ರಸ್ತೆ ಹತ್ತಲು ಧೈರ್ಯವಾಗಲಿಲ್ಲ. ಕಂಪನಿಯ ಪಾರ್ಕಿಂಗಿನ ಒಂದು ಮೂಲೆಯಲ್ಲಿ ಕಾರು ನಿಲ್ಲಿಸಿ, ಮೈತುಂಬ ಕಂಬಳಿ ಹೊದ್ದು, ಆಗೊಮ್ಮೆ ಈಗೊಮ್ಮೆ ಹೀಟರ್ ಹಾಕಿಕೊಂಡು ಸಂಜೆಯವರೆಗೆ ಕೂತೆ. ಗೇಟಿನ ಕಾವಲುಗಾರ ಎರಡು ಸಲ ಕಾಫಿ ತಂದುಕೊಟ್ಟ. ಅವನ ಕೋಣೆಯಿಂದ ಮುದುಕನಿಗೆ ಫೋನ್ ಮಾಡಿ, ಮಗಳು ಶಾಲೆಯಿಂದ ಬಂದರೆ ನೋಡಿಕೊಳ್ಳಿ ಎಂದೆ. ಬರಲಿ ತಗೋ, ಚೀಸ್ ಹಚ್ಚಿ ಬ್ರೆಡ್ ಕೊಡತೀನಿ, ನೀ ಅಂಜಬ್ಯಾಡ ಎಂದ.

ಕಿಟಕಿಯ ಗಾಜಿನಿಂದ ಲ್ಯಾಬಿನ ಎರಡನೇ ಮಹಡಿ ಕಾಣುತ್ತಿತ್ತು. ಬಿಳಿ ಕೋಟಿನವರು ಅತ್ತಿತ್ತ ಓಡಾಡುತ್ತಿದ್ದರು, ಅವರಲ್ಲಿ ನಮ್ಮವರೂ ಒಬ್ಬರು. ಸಂಜೆ ಅವರು ಹೊರಬಂದು, ಬೆಳಗ್ಗೆ ಇದ್ದ ಜಾಗದಲ್ಲೇ ಕಾರು ಕಂಡು, ನನ್ನ ಮುಖ ನೋಡಿ ಪಕ್ಕಕ್ಕೆ ಹತ್ತಿ ಕೂತರು. ಮರುದಿನ ಅವರನ್ನು ಬಿಟ್ಟು ನಾನೊಬ್ಬಳೇ ಮನೆಗೆ ಬಂದೆ. ಅವರ ನೌಕರಿ ಉಳಿಯಿತು, ಪೆನ್ಶನ್ನಿನವರೆಗೂ ಅಲ್ಲೇ ದುಡಿದರು.